ಗಾಜಿನ ಹಿಂದಿರೋ ವಸ್ತು ಯಾರದ್ದು, ಅದರ ತೀರ್ಮಾನ ಯಾರದ್ದು?

ದೊಡ್ಡ ಮ್ಯೂಸಿಯಂಗಳಲ್ಲಿ ಮೂಲನಿವಾಸಿಗಳ ಮುಖವಾಡದ ಪಕ್ಕ ಇರೋ ಲೇಬಲ್ ಓದಿ ನೋಡಿ. ಯಾವ ಸಮುದಾಯದ್ದು, ಯಾವ ಮರದ್ದು, ಸುಮಾರು ಯಾವ ಕಾಲದ್ದು, ಕೊನೆಗೆ ಇಂಥವರ ಕೊಡುಗೆ ಅಂತ ಒಂದು ಹೆಸರು. ಆ ಕೊಡುಗೆ ಕೊಟ್ಟವರ ಕೈಗೆ ಅದು ಎಲ್ಲಿಂದ ಬಂತು ಅನ್ನೋದನ್ನ ಮಾತ್ರ ಬಹಳ ಸಲ ಬರೆದೇ ಇರಲ್ಲ. ಮೂಲನಿವಾಸಿ ಸಮುದಾಯಗಳು ನಮ್ಮದನ್ನ ನಮಗೆ ಕೊಡಿ ಅಂತ ಕೇಳಿದ ಸುದ್ದಿ ಬಂದಾಗೆಲ್ಲ ಓದಿದವರು ಎರಡು ಪ್ರಶ್ನೆ ಎತ್ತುತ್ತಾರೆ, ದುಡ್ಡು ಕೊಟ್ಟು ತಗೊಂಡಿದ್ರೆ ಅದು ಮ್ಯೂಸಿಯಂದೇ ಅಲ್ವಾ ಅಂತ ಒಂದು, ವಾಪಸ್ ಕೊಟ್ರೆ ಹಾಳಾಗಿಹೋಗಲ್ವಾ ಅಂತ ಇನ್ನೊಂದು. ಎರಡೂ ಕೇಳಬೇಕಾದ ಪ್ರಶ್ನೆಗಳೇ. ಆದ್ರೆ ಉತ್ತರ ಅರ್ಥ ಆಗ್ಬೇಕಂದ್ರೆ ಮೊದಲು ಒಂದು ಕೇಸನ್ನ ಬುಡದಿಂದ ನೋಡ್ಬೇಕು.

ಕೆನಡಾದ ಪಶ್ಚಿಮ ಕರಾವಳಿಯಲ್ಲಿ ಕ್ವಾಕ್ವಕಾವಕ್ವ ಅನ್ನೋ ಜನ ಇದ್ದಾರೆ. ಅವರಲ್ಲಿ, ಅಕ್ಕಪಕ್ಕದ ಇತರ ಸಮುದಾಯಗಳಲ್ಲೂ, ಪಾಟ್‌ಲ್ಯಾಚ್ ಅಂತ ಒಂದು ದೊಡ್ಡ ಸಮಾರಂಭ ಇದೆ. ಹೆಸರಿಡೋದು, ಮದುವೆ, ಸತ್ತವರ ಸ್ಮರಣೆ, ಯಾರಿಗೆ ಯಾವ ಹಕ್ಕು ಹೋಗುತ್ತೆ, ಯಾವ ಕುಣಿತ ಯಾವ ಮನೆತನದ್ದು, ಇದೆಲ್ಲ ಅಲ್ಲಿ ನೆರೆದವರ ಮುಂದೆ ಘೋಷಣೆ ಆಗುತ್ತೆ, ಬಂದವರಿಗೆ ಉಡುಗೊರೆ ಹಂಚ್ತಾರೆ, ಉಡುಗೊರೆ ತಗೊಂಡವರು ಅದಕ್ಕೆ ಸಾಕ್ಷಿಗಳಾಗ್ತಾರೆ. ಅಂದ್ರೆ ಅದು ಬರೀ ಹಬ್ಬ ಅಲ್ಲ, ಆ ಸಮಾಜದ ಕಾನೂನು ವ್ಯವಸ್ಥೆನೇ ಅದು. ಕೆನಡಾ ಸರ್ಕಾರ 1884ರಲ್ಲಿ ಅಲ್ಲಿನ ಮೂಲನಿವಾಸಿಗಳಿಗೆ ಅಂತ ಇದ್ದ ಇಂಡಿಯನ್ ಆಕ್ಟ್‌ಗೆ ತಿದ್ದುಪಡಿ ತಂದು ಇದನ್ನ ಅಪರಾಧ ಮಾಡ್ತು. ಜನ ಬಿಡಲಿಲ್ಲ, ಮರೆಯಲ್ಲಿ ಮಾಡ್ತಾ ಬಂದ್ರು. 1921ರ ಕ್ರಿಸ್ಮಸ್ ಹೊತ್ತಲ್ಲಿ ವಿಲೇಜ್ ಐಲ್ಯಾಂಡ್ ಅನ್ನೋ ದ್ವೀಪದಲ್ಲಿ ಡ್ಯಾನ್ ಕ್ರ್ಯಾನ್ಮರ್ ಅನ್ನೋರು ಒಂದು ದೊಡ್ಡ ಪಾಟ್‌ಲ್ಯಾಚ್ ಇಟ್ಕೊಂಡ್ರು, ಸರ್ಕಾರಿ ಏಜೆಂಟ್ ವಿಲಿಯಂ ಹ್ಯಾಲಿಡೇಗೆ ಸುದ್ದಿ ಸಿಕ್ತು, ಕುಣಿದಿದ್ದಕ್ಕೆ, ಭಾಷಣ ಮಾಡಿದ್ದಕ್ಕೆ, ಉಡುಗೊರೆ ಹಂಚಿದ್ದಕ್ಕೆ ಅಂತ ಕೇಸ್ ಹಾಕಿದ್ರು. ಆಮೇಲೆ ಒಂದು ಷರತ್ತು ಇಟ್ರು, ಮುಖವಾಡ, ತಾಮ್ರದ ಫಲಕ, ಗಿಲಕಿ, ಎಲ್ಲವನ್ನೂ ಒಪ್ಪಿಸಿಬಿಟ್ರೆ ಜೈಲು ತಪ್ಪುತ್ತೆ ಅಂತ. ತುಂಬಾ ಜನ ಒಪ್ಪಿಸಿದ್ರು, ಒಪ್ಪಿಸದೇ ಇದ್ದವರು ಜೈಲಿಗೆ ಹೋದ್ರು.

ಆ ವಸ್ತುಗಳಲ್ಲಿ ಒಂದಷ್ಟನ್ನ ಹ್ಯಾಲಿಡೇ ನ್ಯೂಯಾರ್ಕಿನ ಸಂಗ್ರಹಕಾರ ಜಾರ್ಜ್ ಹೇಯೇಗೆ ಮಾರಿದ, ಉಳಿದಿದ್ದು ಒಟ್ಟಾವಾದ ಮ್ಯೂಸಿಯಂಗೆ, ಟೊರೊಂಟೊದ ರಾಯಲ್ ಒಂಟಾರಿಯೋ ಮ್ಯೂಸಿಯಂಗೆ ಹೋಯ್ತು, ಕೆಲವು ಕೈ ಬದಲಾಯಿಸ್ತಾ ಬದಲಾಯಿಸ್ತಾ ಲಂಡನ್ ತನಕ ಹೋದ್ವು. ಈಗ ಯೋಚನೆ ಮಾಡಿ, ಹೇಯೇ ದುಡ್ಡು ಕೊಟ್ಟಿದ್ದು ನಿಜ, ರಸೀದಿನೂ ಇರಬಹುದು, ಆದ್ರೆ ಆ ರಸೀದಿಗೆ ಏನು ಬೆಲೆ? ಕೊಟ್ಟವರು ಜೈಲಿನ ಬೆದರಿಕೆಗೆ ಕೊಟ್ಟಿದ್ದು, ಮಾರಿದವನಿಗೆ ಅದು ಸೇರಿದ್ದೇ ಅಲ್ಲ.

ಎಲ್ಲ ಸಂಗ್ರಹವೂ ಹೀಗೇ ಬಂತು ಅಂತ ಹೇಳ್ತಿಲ್ಲ. ಮಾರೋಕೆ ಅಂತಾನೇ ಮಾಡಿದ ಬುಟ್ಟಿ, ಕೆತ್ತನೆ, ಖುಷಿಯಿಂದ ಕೊಟ್ಟ ಉಡುಗೊರೆ, ಇವೂ ಮ್ಯೂಸಿಯಂಗಳಲ್ಲಿ ಬೇಕಾದಷ್ಟಿವೆ, ಅವನ್ನ ಸಾಮಾನ್ಯವಾಗಿ ಯಾರೂ ವಾಪಸ್ ಕೇಳೋದೂ ಇಲ್ಲ. ಆದ್ರೆ 19ನೇ ಶತಮಾನದ ಕೊನೆ, 20ನೇ ಶತಮಾನದ ಶುರುವಿನಲ್ಲಿ ಒಂದು ನಂಬಿಕೆ ಗಟ್ಟಿಯಾಗಿತ್ತು, ಈ ಜನ ಇನ್ನು ಕೆಲವೇ ವರ್ಷದಲ್ಲಿ ಅಳಿದುಹೋಗ್ತಾರೆ, ಅದಕ್ಕೆ ಮುಂಚೆ ಸಿಕ್ಕಿದ್ದೆಲ್ಲ ಬಾಚಿ ಇಟ್ಕೋಬೇಕು ಅಂತ. ಆ ಅವಸರದಲ್ಲಿ ಸಮಾಧಿಗಳನ್ನೂ ಬಿಡಲಿಲ್ಲ. ಅಮೆರಿಕದ ಸೇನೆಯ ಸರ್ಜನ್ ಜನರಲ್ ಕಚೇರಿ 1868ರಲ್ಲಿ ಮೂಲನಿವಾಸಿಗಳ ತಲೆಬುರುಡೆ ಕಳಿಸಿ ಅಂತ ಸೇನಾ ಡಾಕ್ಟರುಗಳಿಗೆ ಸೂಚನೆ ಕೊಟ್ಟಿತ್ತು. ಟಾಸ್ಮೇನಿಯಾದ ಟ್ರುಗನಿನಿ ಅನ್ನೋ ಹೆಣ್ಣುಮಗಳು ತನ್ನ ದೇಹವನ್ನ ಕುಯ್ಯಬೇಡಿ ಅಂತ ಬೇಡಿಕೊಂಡೇ 1876ರಲ್ಲಿ ಸತ್ತಳು. ಎರಡೇ ವರ್ಷದಲ್ಲಿ ಅಗೆದು ತೆಗೆದ್ರು, ಆಮೇಲೆ 1947ರ ತನಕ ಅಸ್ಥಿಪಂಜರ ಹೋಬಾರ್ಟಿನ ಮ್ಯೂಸಿಯಮ್ಮಲ್ಲಿ ಪ್ರದರ್ಶನಕ್ಕಿತ್ತು, ಅವಳ ಜನ ಅವಳ ಬೂದಿಯನ್ನ ಸಮುದ್ರಕ್ಕೆ ಬಿಡೋ ಹೊತ್ತಿಗೆ 1976 ಆಗಿತ್ತು. ಇದನ್ನ ಸಂಗ್ರಹ ಅಂತ ಕರೆಯೋಕೆ ನನಗಂತೂ ಬಾಯಿ ಬರಲ್ಲ.

ಇನ್ನು ದುಡ್ಡು ಕೊಟ್ಟು ಕೊಂಡಿದ್ದು, ಬೆದರಿಕೆನೂ ಇರ್ಲಿಲ್ಲ, ಮಾರಿದವನೂ ಅದೇ ಸಮುದಾಯದವನು ಅಂತಿಟ್ಕೊಳ್ಳಿ. ಅಲ್ಲೂ ಒಂದು ಗಂಟಿದೆ. ತುಂಬಾ ಸಮುದಾಯಗಳಲ್ಲಿ ಕೆಲವು ವಸ್ತುಗಳು ಒಬ್ಬರ ಆಸ್ತಿ ಆಗಿರೋದೇ ಇಲ್ಲ, ಇಡೀ ಕುಲದ್ದು, ಇಡೀ ಜನಾಂಗದ್ದು, ಒಬ್ಬರು ಅದನ್ನ ಕಾಯ್ತಿರ್ತಾರೆ ಅಷ್ಟೇ. ಒಂದು ಟ್ರಸ್ಟಿನ ಆಸ್ತಿಯನ್ನ ಅದರ ಟ್ರಸ್ಟಿ ತನ್ನ ಕಷ್ಟಕ್ಕೆ ಅಂತ ಮಾರಿಬಿಟ್ರೆ ಕೊಂಡವನಿಗೆ ಹಕ್ಕು ಬರುತ್ತಾ ಹೇಳಿ, ಅದೇ ಲೆಕ್ಕ ಇದು. ನ್ಯೂಯಾರ್ಕ್ ರಾಜ್ಯದ ಒನೊಂಡಾಗಾ ಜನರ ವ್ಯಾಂಪಮ್ ಬೆಲ್ಟುಗಳ ಕಥೆ ಇಲ್ಲಿ ಸರಿಯಾಗಿ ಹೊಂದುತ್ತೆ. ಚಿಪ್ಪಿನ ಮಣಿಗಳನ್ನ ನೇಯ್ದು ಮಾಡಿದ ಈ ಬೆಲ್ಟುಗಳಲ್ಲಿ ಒಪ್ಪಂದಗಳು, ಒಕ್ಕೂಟದ ಇತಿಹಾಸ ಎಲ್ಲ ಅಡಕ ಆಗಿರುತ್ತೆ. ಅದನ್ನ ಕಾಯೋ ಹೊಣೆ ಹೊತ್ತಿದ್ದವನಿಂದ 19ನೇ ಶತಮಾನದ ಕೊನೆಯಲ್ಲಿ ಕೆಲವನ್ನ ಹೊರಗಿನವರು ಕೊಂಡುಕೊಂಡ್ರು, ಅವನಿಗೆ ಮಾರೋ ಅಧಿಕಾರವೇ ಇರ್ಲಿಲ್ಲ ಅಂತ ಸಮುದಾಯ ಕೋರ್ಟಿಗೆ ಹೋಯ್ತು, ಸೋತಿತು. ನ್ಯೂಯಾರ್ಕ್ ಸ್ಟೇಟ್ ಮ್ಯೂಸಿಯಂ 12 ಬೆಲ್ಟುಗಳನ್ನ ಒನೊಂಡಾಗಾಗಳಿಗೆ ವಾಪಸ್ ಕೊಟ್ಟಿದ್ದು 1989ರಲ್ಲಿ, ಅಷ್ಟರೊಳಗೆ ಹತ್ತಿರ ಹತ್ತಿರ ನೂರು ವರ್ಷ ಆಗಿತ್ತು.

ಅದರ ಮುಂದಿನ ವರ್ಷವೇ, 1990ರ ನವೆಂಬರ್ 16ರಂದು, ಅಮೆರಿಕದಲ್ಲಿ ಒಂದು ಕಾನೂನು ಬಂತು, ನ್ಯಾಗ್‌ಪ್ರಾ ಅಂತ ಚಿಕ್ಕದಾಗಿ ಕರೀತಾರೆ. ಈ ವಿಷಯದಲ್ಲಿ ಜಗತ್ತಿನಲ್ಲೇ ಹೆಚ್ಚು ಚರ್ಚೆ ಆಗೋ ಕಾನೂನು ಇದು, ಅದಕ್ಕೆ ಸ್ವಲ್ಪ ಬಿಡಿಸಿ ಹೇಳ್ತೀನಿ. ಫೆಡರಲ್ ಸರ್ಕಾರದ ದುಡ್ಡು ತಗೊಳ್ಳೋ ಯಾವುದೇ ಮ್ಯೂಸಿಯಂ, ಯೂನಿವರ್ಸಿಟಿ ತನ್ನ ಹತ್ರ ಇರೋ ಮೂಲನಿವಾಸಿಗಳ ಅಸ್ಥಿಗಳ, ಸಮಾಧಿ ವಸ್ತುಗಳ ಪಟ್ಟಿ ಮಾಡ್ಬೇಕು, ಸಂಬಂಧಪಟ್ಟ ಬುಡಕಟ್ಟುಗಳ ಜೊತೆ ಮಾತಾಡ್ಬೇಕು, ಅವರು ಕೇಳಿದ್ರೆ ವಾಪಸ್ ಕೊಡ್ಬೇಕು. ಅಸ್ಥಿ, ಸಮಾಧಿ ವಸ್ತು ಅಲ್ಲದೆ ಪವಿತ್ರ ವಸ್ತುಗಳು, ಆಮೇಲೆ ಮೇಲೆ ಹೇಳಿದ ಆ ಯಾರೂ ಒಬ್ಬರೇ ಮಾರೋಕೆ ಬರದ ಸಾಮೂಹಿಕ ಆಸ್ತಿ, ಇವೂ ಇದರೊಳಗೆ ಬರ್ತವೆ. ಒನೊಂಡಾಗಾಗಳು ಕೋರ್ಟಿನಲ್ಲಿ ಸೋತ ವಾದವೇ ಇಲ್ಲಿ ಕಾನೂನಿನ ಸಾಲಾಯ್ತು ಅಂತ ಹೇಳಬಹುದು.

ಕಾಗದದ ಮೇಲೆ ಚೆನ್ನಾಗೇ ಇತ್ತು, ಆದ್ರೆ ಒಂದು ದೊಡ್ಡ ತೂತು ಉಳಿದುಬಿಟ್ಟಿತ್ತು. ಈ ಅಸ್ಥಿಗಳು ಯಾವ ಬುಡಕಟ್ಟಿಗೆ ಸೇರಿದ್ದು ಅಂತ ಗುರುತಿಸೋಕೆ ಆಗಲ್ಲ ಅಂತ ಮ್ಯೂಸಿಯಂನವರೇ ಬರೆದುಕೊಂಡ್ರೆ ಸಾಕು, ವಾಪಸ್ ಕೊಡೋ ಕೆಲಸ ಅಲ್ಲಿಗೇ ನಿಲ್ತಿತ್ತು. ಗುರುತಿಸೋ ಅಧಿಕಾರ ಯಾರ ಕೈಲಿತ್ತು ನೋಡಿ, ವಸ್ತು ಇಟ್ಕೊಂಡವರ ಕೈಲೇ. ಕಾನೂನು ಬಂದು ಮೂವತ್ತು ವರ್ಷ ದಾಟಿದ ಮೇಲೆ, 2023ರಲ್ಲಿ, ಪ್ರೊಪಬ್ಲಿಕಾ ಅನ್ನೋ ಸುದ್ದಿಸಂಸ್ಥೆ ಲೆಕ್ಕ ತೆಗೆದಾಗ ಇನ್ನೂ 1,10,000ಕ್ಕೂ ಹೆಚ್ಚು ಪೂರ್ವಜರ ಅವಶೇಷಗಳು ಸಂಸ್ಥೆಗಳ ಕಪಾಟುಗಳಲ್ಲೇ ಇದ್ವು. 1996ರಲ್ಲಿ ವಾಷಿಂಗ್ಟನ್ ರಾಜ್ಯದ ಕೆನೆವಿಕ್ ಊರಿನ ಹತ್ರ ಕೊಲಂಬಿಯಾ ನದಿ ದಂಡೆಯಲ್ಲಿ ಸಿಕ್ಕ ಸುಮಾರು 8,500 ವರ್ಷ ಹಳೆಯ ಅಸ್ಥಿಪಂಜರದ ಕಥೆನೂ ಇದೇ ತರ. ಅಲ್ಲಿನ ಬುಡಕಟ್ಟುಗಳು ಇವರು ನಮ್ಮ ಹಿರಿಯರು ಅಂದ್ರು, ಕೆಲವು ವಿಜ್ಞಾನಿಗಳು ಸಂಬಂಧ ಸಾಬೀತಾಗಿಲ್ಲ ಅಂತ ಕೇಸ್ ಹಾಕಿ 2004ರಲ್ಲಿ ಗೆದ್ರು, 2015ರಲ್ಲಿ ಡಿಎನ್ಎ ಪರೀಕ್ಷೆಯ ಫಲಿತಾಂಶ ಬಂದು ಬುಡಕಟ್ಟುಗಳು ಹೇಳಿದ್ದೇ ಸರಿ ಅಂತಾಯ್ತು, 2017ರಲ್ಲಿ ಮಣ್ಣು ಮಾಡಿದ್ರು. ಹೋಲಿಸಿ ನೋಡೋಕೆ ತಮ್ಮ ಡಿಎನ್ಎ ಕೊಟ್ಟಿದ್ದು ಕೋಲ್ವಿಲ್ ಬುಡಕಟ್ಟಿನವರು, ವಿಜ್ಞಾನ ಬೇಡ ಅಂತ ಕೂತಿದ್ರು ಅನ್ನೋ ಆರೋಪ ಹೊತ್ತವರೂ ಇವರೇ ಅನ್ನೋದನ್ನ ಮರೀಬಾರದು.

2024ರ ಜನವರಿ 12ರಿಂದ ಹೊಸ ನಿಯಮಗಳು ಜಾರಿಗೆ ಬಂದು ಆ ಗುರುತಿಸಲಾಗದ್ದು ಅನ್ನೋ ವರ್ಗವನ್ನೇ ತೆಗೆದುಹಾಕಿದ್ರು, ಸಮುದಾಯದ ಒಪ್ಪಿಗೆ ಇಲ್ಲದೆ ಇಂಥ ವಸ್ತುಗಳನ್ನ ಪ್ರದರ್ಶನಕ್ಕೂ ಇಡೋ ಹಾಗಿಲ್ಲ, ಸಂಶೋಧನೆಗೂ ಕೊಡೋ ಹಾಗಿಲ್ಲ ಅಂದ್ರು, ಪಟ್ಟಿಗಳನ್ನೆಲ್ಲ ಮತ್ತೆ ಸರಿ ಮಾಡೋಕೆ ಐದು ವರ್ಷದ ಗಡುವೂ ಹಾಕಿದ್ರು. ಅದೇ ತಿಂಗಳು ನ್ಯೂಯಾರ್ಕಿನ ಅಮೆರಿಕನ್ ಮ್ಯೂಸಿಯಂ ಆಫ್ ನ್ಯಾಚುರಲ್ ಹಿಸ್ಟರಿ ತನ್ನ ಎರಡು ಹಾಲ್‌ಗಳನ್ನೇ ಮುಚ್ಚಿತು, ಶಿಕಾಗೋದ ಫೀಲ್ಡ್ ಮ್ಯೂಸಿಯಂ ಗಾಜಿನ ಕೇಸುಗಳಿಗೆ ಹೊದಿಕೆ ಹಾಕಿತು. ಕೆಲವರಿಗೆ ಇದು ಅತಿಯಾಯ್ತು ಅನ್ನಿಸ್ತು. ನನ್ನ ಪ್ರಕಾರ ಈ ಮುಚ್ಚಿದ ಹಾಲ್‌ಗಳೇ ಬಹಳ ದೊಡ್ಡ ಬದಲಾವಣೆ, ಯಾಕಂದ್ರೆ ಮೊದಲ ಸಲ ಒಪ್ಪಿಗೆ ಕೇಳೋ ಭಾರ ಇಟ್ಕೊಂಡವರ ಮೇಲೆ ಬಿತ್ತು, ಅಲ್ಲಿ ತನಕ ಹುಡುಕಿಕೊಂಡು ಬಂದು, ದಾಖಲೆ ತಂದು, ಬೇಡಿಕೊಳ್ಳೋ ಭಾರ ಎಲ್ಲ ಕಳ್ಕೊಂಡವರ ಮೇಲೇ ಇತ್ತು.

ಅಂತಾರಾಷ್ಟ್ರೀಯ ಮಟ್ಟದಲ್ಲಿ ಇರೋದು ವಿಶ್ವಸಂಸ್ಥೆಯ ಮೂಲನಿವಾಸಿಗಳ ಹಕ್ಕುಗಳ ಘೋಷಣೆ, 2007ರ ಸೆಪ್ಟೆಂಬರ್‌ನಲ್ಲಿ 144 ದೇಶಗಳು ಅದಕ್ಕೆ ಓಟು ಹಾಕಿದ್ವು. ವಿರುದ್ಧ ಓಟು ಹಾಕಿದ್ದು ನಾಲ್ಕೇ ದೇಶ, ಅಮೆರಿಕ, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ನಂತರದ ವರ್ಷಗಳಲ್ಲಿ ಅವೂ ಒಪ್ಪಿಕೊಂಡ್ವು. ಅದರ 11ನೇ ವಿಧಿ ಒಪ್ಪಿಗೆ ಇಲ್ಲದೆ ತಗೊಂಡ ಸಾಂಸ್ಕೃತಿಕ, ಧಾರ್ಮಿಕ ಆಸ್ತಿಗೆ ಪರಿಹಾರ ಕೊಡಬೇಕು, ಅದರಲ್ಲಿ ವಾಪಸ್ ಕೊಡೋದೂ ಸೇರಬಹುದು ಅನ್ನುತ್ತೆ, 12ನೇ ವಿಧಿ ಆಚರಣೆಯ ವಸ್ತುಗಳನ್ನ ಬಳಸೋ ಹಕ್ಕು, ಅವುಗಳ ಮೇಲಿನ ಹಿಡಿತ, ಹಿರಿಯರ ಅಸ್ಥಿಗಳನ್ನ ವಾಪಸ್ ಪಡೆಯೋ ಹಕ್ಕಿನ ಬಗ್ಗೆ ಹೇಳುತ್ತೆ. ಇದನ್ನ ಹಿಡ್ಕೊಂಡು ನೇರವಾಗಿ ಕೋರ್ಟಿಗೆ ಹೋಗೋಕೆ ಆಗಲ್ಲ, ಪ್ರತಿ ದೇಶ ತನ್ನ ಕಾನೂನು ಮಾಡ್ಕೋಬೇಕು. ಸಾಂಸ್ಕೃತಿಕ ವಸ್ತುಗಳ ಕಳ್ಳಸಾಗಣೆ ತಡೆಯೋ 1970ರ ಯುನೆಸ್ಕೋ ಒಪ್ಪಂದ ಇದೆಯಲ್ಲ ಅಂತ ಕೇಳಬಹುದು, ಅದು ಹಿಂದಕ್ಕೆ ಅನ್ವಯ ಆಗಲ್ಲ, ನೂರು ವರ್ಷದ ಹಿಂದೆ ಹೋಗಿದ್ದಕ್ಕೆ ಅದರಿಂದ ಏನೂ ಪ್ರಯೋಜನ ಇಲ್ಲ.

ಹೀಗಾಗಿ ಗಡಿ ದಾಟಿದ್ರೆ ಕಥೆನೇ ಬೇರೆ. 2013ರಲ್ಲಿ ಪ್ಯಾರಿಸ್‌ನಲ್ಲಿ ಅಮೆರಿಕದ ಹೋಪಿ ಜನರ ಪವಿತ್ರ ಮುಖವಾಡಗಳು ಹರಾಜಿಗೆ ಬಂದ್ವು, ಅವರ ಪಾಲಿಗೆ ಅವು ಜೀವ ಇರೋವು, ನೋಡೋಕೂ ನಿಯಮ ಇದೆ. ನಿಲ್ಲಿಸಿ ಅಂತ ಕೇಳಿದ್ರೆ ಫ್ರೆಂಚ್ ಕೋರ್ಟ್ ಒಪ್ಪಲಿಲ್ಲ, ಅಮೆರಿಕದ ಕಾನೂನು ಅಲ್ಲಿ ನಡೆಯಲ್ಲ. ಆ ಡಿಸೆಂಬರ್‌ನ ಹರಾಜಿನಲ್ಲಿ ಆನೆನ್‌ಬರ್ಗ್ ಫೌಂಡೇಶನ್ ಗುಟ್ಟಾಗಿ ಬಿಡ್ ಮಾಡಿ 24 ವಸ್ತು ಕೊಂಡು ಹೋಪಿಗಳಿಗೂ ಸ್ಯಾನ್ ಕಾರ್ಲೋಸ್ ಅಪಾಚಿಗಳಿಗೂ ಕೊಟ್ಟಿತು. ಒಳ್ಳೇ ಕೆಲಸವೇ, ಆದ್ರೆ ನಮ್ಮದನ್ನ ನಾವು ಪಡೆಯೋಕೆ ಯಾರೋ ದಾನಿ ಬೇಕಾಗೋದು ಹಕ್ಕು ಅನ್ನಿಸಿಕೊಳ್ಳಲ್ಲ. ಇಂಥವು ದೇಶ ಬಿಟ್ಟು ಹೋಗೋದನ್ನ ತಡೆಯೋ ಕಾನೂನು ಅಮೆರಿಕದಲ್ಲಿ ಬಂದಿದ್ದು 2022ರ ಕೊನೆಯಲ್ಲಿ.

ಬ್ರಿಟನ್ನಿನಲ್ಲಿ 1963ರ ಬ್ರಿಟಿಷ್ ಮ್ಯೂಸಿಯಂ ಕಾಯ್ದೆ ಆ ಮ್ಯೂಸಿಯಂ ತನ್ನ ಸಂಗ್ರಹದಿಂದ ವಸ್ತು ಹೊರಗೆ ಕೊಡದ ಹಾಗೆ ಕಟ್ಟಿಹಾಕಿದೆ, 2004ರ ಹ್ಯೂಮನ್ ಟಿಶ್ಯೂ ಕಾಯ್ದೆ ಸಾವಿರ ವರ್ಷಕ್ಕಿಂತ ಕಡಿಮೆ ಹಳೆಯ ಮಾನವ ಅವಶೇಷಗಳಿಗೆ ಮಾತ್ರ ಒಂದು ಕಿಂಡಿ ತೆರೆದಿದೆ. ಹಾಗಾಗಿ ಅಲ್ಲಿಂದ ಕೇಳಿಬರೋದು ದೀರ್ಘಾವಧಿ ಸಾಲ ಅನ್ನೋ ಮಾತು. 1921ರ ಪಾಟ್‌ಲ್ಯಾಚ್‌ನಿಂದ ಹೋದ ಒಂದು ಮುಖವಾಡವನ್ನ 2005ರಲ್ಲಿ ಕ್ವಾಕ್ವಕಾವಕ್ವರಿಗೆ ಹೀಗೇ ಸಾಲವಾಗಿ ಕೊಟ್ರು. 1868ರಲ್ಲಿ ಬ್ರಿಟಿಷ್ ಯುದ್ಧನೌಕೆ ಹೊತ್ತುಕೊಂಡು ಬಂದ ಹೊಆ ಹಕಾನನಾಯ ಅನ್ನೋ ಕಲ್ಲಿನ ಮೂರ್ತಿಯನ್ನ ಕೇಳೋಕೆ ರಾಪಾ ನುಯಿ, ಅಂದ್ರೆ ಈಸ್ಟರ್ ದ್ವೀಪದವರು 2018ರಲ್ಲಿ ಲಂಡನ್ನಿಗೇ ಬಂದ್ರು, ಅದು ಇನ್ನೂ ಅಲ್ಲೇ ಇದೆ. ಸಾಲಕ್ಕೂ ಒಡೆತನಕ್ಕೂ ಏನು ವ್ಯತ್ಯಾಸ, ವಸ್ತು ಅಂತೂ ಬಂತಲ್ಲ ಅನ್ನೋರಿಗೆ ಉತ್ತರ ಯುರೋಪಿನ ಮೂಲನಿವಾಸಿಗಳಾದ ಸಾಮಿ ಜನರ ಡೋಲು ನೋಡಿ ಅಂತೀನಿ. ಆಂಡರ್ಸ್ ಪೌಲ್ಸೆನ್ ಅನ್ನೋ ಸಾಮಿ ಮುದುಕನಿಂದ 1691ರಲ್ಲಿ ಮಾಟ ಮಾಡ್ತಾನೆ ಅಂತ ಕಿತ್ಕೊಂಡ ಡೋಲು ಅದು, ಡೆನ್ಮಾರ್ಕ್ ಸೇರಿತ್ತು, 1979ರಿಂದ ನಾರ್ವೆಯ ಕರಾಶೋಕ್‌ನ ಸಾಮಿ ಮ್ಯೂಸಿಯಮ್ಮಲ್ಲಿ ಸಾಲವಾಗಿ ಇತ್ತು. ವಸ್ತು ಮನೆಗೆ ಬಂದು ನಲವತ್ತು ವರ್ಷ ಆದ್ರೂ ಅದರ ಮೇಲೆ ಕೊನೇ ಮಾತು ಕೋಪನ್‌ಹೇಗನ್‌ದೇ ಆಗಿತ್ತು, 2022ರಲ್ಲಿ ಒಡೆತನ ಸಾಮಿಗಳಿಗೆ ಬಂತು.

ಆದ್ರೆ ಕಾನೂನೇ ಎಲ್ಲದಕ್ಕೂ ಅಡ್ಡಿ ಅಂತ ಒಪ್ಪೋಕೂ ಆಗಲ್ಲ. ಅದೇ ಬ್ರಿಟನ್ನಿನಲ್ಲಿ ನಗರಗಳ, ಯೂನಿವರ್ಸಿಟಿಗಳ ಮ್ಯೂಸಿಯಂಗಳು ತಾವೇ ತೀರ್ಮಾನ ಮಾಡಿ ಕೊಟ್ಟಿವೆ. ಗ್ಲಾಸ್ಗೋ 1999ರಲ್ಲಿ ಅಮೆರಿಕದ ಲಕೋಟಾ ಜನರ, ಘೋಸ್ಟ್ ಡ್ಯಾನ್ಸ್ ಅನ್ನೋ ಧಾರ್ಮಿಕ ಕುಣಿತದ ಅಂಗಿಯನ್ನ ಕೊಟ್ಟಿತು, ಎಕ್ಸೆಟರ್ 2022ರಲ್ಲಿ ಕೆನಡಾದ ಸಿಕ್ಸಿಕಾ ಜನರ ನಾಯಕ ಕ್ರೋಫುಟ್‌ನ ಉಡುಪನ್ನ ಕೊಟ್ಟಿತು, ಮ್ಯಾಂಚೆಸ್ಟರ್ ಮ್ಯೂಸಿಯಂ 2023ರಲ್ಲಿ ಆಸ್ಟ್ರೇಲಿಯಾದ ಅನಿಂದಿಲ್ಯಾಕ್ವ ಸಮುದಾಯಕ್ಕೆ 174 ವಸ್ತು ಕೊಟ್ಟಿತು. ಡೆನ್ಮಾರ್ಕ್ 1982ರಿಂದ 2001ರ ಒಳಗೆ ಗ್ರೀನ್‌ಲ್ಯಾಂಡಿಗೆ ಸುಮಾರು 35,000 ವಸ್ತು ವಾಪಸ್ ಕಳಿಸಿತು, ಕೋರ್ಟು ಕಚೇರಿ ಅಂತ ಜಗಳ ಇಲ್ಲದೆ, ಎರಡೂ ಕಡೆಯ ತಜ್ಞರು ಕೂತು ಯಾವುದು ಎಲ್ಲಿರಬೇಕು ಅಂತ ಹಂಚಿಕೊಂಡ್ರು. ಮನಸ್ಸಿದ್ರೆ ಆಗುತ್ತೆ.

ಈಗ ಎರಡನೇ ಪ್ರಶ್ನೆ, ವಾಪಸ್ ಕೊಟ್ರೆ ಹಾಳಾಗಲ್ವಾ. ಇದಕ್ಕೆ ಸರಿಯಾದ ಉತ್ತರ ಕೊಟ್ಟಿದ್ದು ನ್ಯೂ ಮೆಕ್ಸಿಕೋದ ಝೂನಿ ಜನ. ಅವರು ಚಳಿಗಾಲದಲ್ಲಿ ಆಹಾಯೂದಾ ಅನ್ನೋ ಕಾವಲು ದೇವತೆಗಳ ಮರದ ಮೂರ್ತಿ ಕೆತ್ತಿ ಬೆಟ್ಟದ ಮೇಲಿನ ಬಯಲು ಗುಡಿಗಳಲ್ಲಿ ಇಡ್ತಾರೆ. ಅವು ಬಿಸಿಲು, ಮಳೆ, ಗಾಳಿಗೆ ಸವೆದು ಮಣ್ಣಾಗಬೇಕು, ಆಗಲೇ ಅವುಗಳ ಶಕ್ತಿ ಭೂಮಿಗೆ ಸೇರೋದು, ಅದು ಆಚರಣೆಯ ಭಾಗವೇ. ಹೊರಗಿನವರು ಅವನ್ನ ಅನಾಥವಾಗಿ ಬಿದ್ದಿವೆ ಅಂತ ಎತ್ಕೊಂಡು ಹೋದ್ರು. ಝೂನಿಗಳು 1978ರಲ್ಲಿ ಕೇಳೋಕೆ ಶುರು ಮಾಡಿ 1992ರ ಹೊತ್ತಿಗೆ 69 ಮೂರ್ತಿಗಳನ್ನ ವಾಪಸ್ ತಂದ್ರು, ನ್ಯಾಗ್‌ಪ್ರಾ ಬರೋದಕ್ಕೂ ಮುಂಚೆ ಶುರುವಾದ ಕೆಲಸ ಇದು. ಮತ್ತೆ ಕಳ್ಳತನ ಆಗದ ಹಾಗೆ ಗೋಡೆ ಕಟ್ಟಿದ್ರು, ಆದ್ರೆ ಮೇಲೆ ಆಕಾಶಕ್ಕೆ ತೆರೆದೇ ಬಿಟ್ರು. ಮ್ಯೂಸಿಯಂ ಭಾಷೆಯಲ್ಲಿ ಅದು ನಾಶ. ಝೂನಿಗಳಿಗೆ ಎಸಿ ರೂಮಿನಲ್ಲಿ ಕೊಳೆಯದೆ ನಿಂತಿರೋದೇ ಹಾನಿ, ಅದರಿಂದ ಜಗತ್ತಿಗೇ ಕೇಡು ಅಂತ ಅವರು ಹೇಳ್ತಾರೆ. ನೀವು ಆ ನಂಬಿಕೆಯನ್ನ ಒಪ್ಪಬೇಕಾಗಿಲ್ಲ, ಆದ್ರೆ ಮೂರ್ತಿ ಮಾಡಿದವರಿಗೆ ಅದು ಯಾಕೆ ಮಾಡಿದ್ದು ಅಂತ ಗೊತ್ತಿರುತ್ತೆ ಅನ್ನೋದನ್ನ ಒಪ್ಪಲೇಬೇಕು.

ಕೆನಡಾದ ಹೈಸ್ಲಾ ಜನರ ಗ್ಪ್ಸ್‌ಗೋಲಾಕ್ಸ್ ಕಂಬದ ವಿಷಯದಲ್ಲಿ ಈ ಜಟಾಪಟಿ ವರ್ಷಗಟ್ಟಲೆ ನಡೀತು. 1872ರಲ್ಲಿ ನಿಲ್ಲಿಸಿದ್ದ ಸ್ಮಾರಕ ಕಂಬ ಅದು, 1929ರಲ್ಲಿ ಕಡಿದು ಸ್ವೀಡನ್ನಿಗೆ ಸಾಗಿಸಿದ್ರು. 1990ರ ದಶಕದಲ್ಲಿ ಹೈಸ್ಲಾಗಳು ಹೋಗಿ ಕೇಳಿದಾಗ ಕೊಡ್ತೀವಿ, ಆದ್ರೆ ಸಂರಕ್ಷಣೆಗೆ ಸರಿಯಾದ ಕಟ್ಟಡ ಕಟ್ಟಿ ಅಂತ ಷರತ್ತು ಬಂತು. ಹೈಸ್ಲಾಗಳು ಒಂದು ಹೊಸ ಕಂಬ ಕೆತ್ತಿ ಸ್ಟಾಕ್‌ಹೋಮಿಗೆ ಕೊಟ್ರು, ಅವರ ಔದಾರ್ಯ ನೋಡಿ, ಹಳೆಯದು 2006ರಲ್ಲಿ ಮನೆಗೆ ಬಂತು, ಕೊನೆಗೆ ಅವರು ಅದನ್ನ ತಮ್ಮ ಹಿರಿಯರ ನೆಲದಲ್ಲಿ ಮಣ್ಣಿಗೆ ಸೇರೋಕೆ ಬಿಟ್ರು.

ಇನ್ನು ಮ್ಯೂಸಿಯಮ್ಮಲ್ಲಿದ್ರೆ ಸೇಫ್ ಅನ್ನೋದೂ ಪೂರ್ತಿ ನಿಜ ಅಲ್ಲ. 2018ರಲ್ಲಿ ರಿಯೋ ಡಿ ಜನೈರೋದ ನ್ಯಾಷನಲ್ ಮ್ಯೂಸಿಯಂ ಸುಟ್ಟುಹೋದಾಗ ಎಷ್ಟೋ ಮೂಲನಿವಾಸಿ ಸಮುದಾಯಗಳ ವಸ್ತುಗಳು, ಭಾಷೆಗಳ ರೆಕಾರ್ಡಿಂಗ್‌ಗಳು ಬೂದಿಯಾದ್ವು. ಇನ್ನೊಂದು ಅಪಾಯ ಕಣ್ಣಿಗೆ ಕಾಣಲ್ಲ. ಹುಳ ಹಿಡೀಬಾರದು ಅಂತ ಮ್ಯೂಸಿಯಂನವರು ದಶಕಗಟ್ಟಲೆ ಆರ್ಸೆನಿಕ್, ಪಾದರಸ, ಡಿಡಿಟಿ ಬಳಿದಿದ್ರು, ಗರಿ, ಚರ್ಮ, ಬಟ್ಟೆ ಎಲ್ಲಕ್ಕೂ. ಹೋಪಿಗಳು ವಾಪಸ್ ಬಂದ ವಸ್ತುಗಳನ್ನ ಪರೀಕ್ಷೆ ಮಾಡಿಸಿದಾಗ ಆರ್ಸೆನಿಕ್ ಸಿಕ್ಕಿತು. ಅವು ತಲೆಗೆ ತೊಟ್ಟು ಕುಣಿಯೋ ವಸ್ತುಗಳು, ಬೆವರು ತಾಗುತ್ತೆ, ಉಸಿರಿಗೆ ಹೋಗುತ್ತೆ. ಇದು ನನಗೆ ತುಂಬಾ ಸಂಕಟ ಕೊಡೋ ವಿಷಯ, ಇಷ್ಟು ವರ್ಷ ಹೋರಾಡಿ ತಂದ ಪವಿತ್ರ ವಸ್ತುವನ್ನ ಮೈಮೇಲೆ ಹಾಕ್ಕೊಳ್ಳೋಕೆ ಭಯ ಪಡಬೇಕಾದ ಸ್ಥಿತಿ. ಈಗ ಅಮೆರಿಕದಲ್ಲಿ ವಾಪಸ್ ಕೊಡೋವಾಗ ಯಾವ ವಿಷ ಬಳಸಿದ್ದು ಗೊತ್ತಿದೆಯೋ ಅದನ್ನ ಹೇಳಲೇಬೇಕು ಅಂತ ನಿಯಮ ಇದೆ, ಆದ್ರೆ ಹಳೇ ಕಾಲದಲ್ಲಿ ಏನು ಹಾಕಿದ್ರು ಅಂತ ಬಹಳ ಕಡೆ ಬರೆದಿಟ್ಟೇ ಇಲ್ಲ.

ಯಾರಿಗೆ ಕೊಡಬೇಕು ಅನ್ನೋದು ಮತ್ತೊಂದು ಕಷ್ಟ. ಬ್ರೆಜಿಲ್‌ನ ಮೂಲನಿವಾಸಿಗಳಾದ ಟುಪಿನಂಬಾ ಜನರ ಕೆಂಪು ಗರಿಗಳ ಮೇಲಂಗಿಯೊಂದು 1689ರಿಂದಲಾದ್ರೂ ಕೋಪನ್‌ಹೇಗನ್‌ನಲ್ಲಿತ್ತು. 2000ದಲ್ಲಿ ಅದು ಸಾವೊ ಪೌಲೋಗೆ ಒಂದು ಪ್ರದರ್ಶನಕ್ಕೆ ಬಂದಾಗ ಒಲಿವೆನ್ಸಾದ ಟುಪಿನಂಬಾ ಹಿರಿಯಳು ಅಮೋತಾರಾ ನೋಡಿ ಇದು ನಮ್ಮದು ಅಂದ್ರು, ಆಗ ಆ ಜನರನ್ನೇ ಅಳಿದುಹೋದವರು ಅಂತ ಅಂದುಕೊಂಡಿದ್ರು. 2024ರಲ್ಲಿ ಅದು ಬ್ರೆಜಿಲ್‌ಗೆ ಬಂತು, ಬಂದಿದ್ದು ಮಾತ್ರ ರಿಯೋದ ನ್ಯಾಷನಲ್ ಮ್ಯೂಸಿಯಂಗೆ, ಅದೇ ಸುಟ್ಟುಹೋಗಿದ್ದ ಮ್ಯೂಸಿಯಂಗೆ. ತಮ್ಮ ಪಾಲಿಗೆ ಹಿರಿಯರೇ ಆಗಿರೋ ಆ ಮೇಲಂಗಿಯನ್ನ ತಮ್ಮ ವಿಧಿಯಂತೆ ಬರಮಾಡಿಕೊಳ್ಳೋಕೆ ಬಿಡಲಿಲ್ಲ ಅಂತ ಟುಪಿನಂಬಾಗಳು ನೊಂದುಕೊಂಡ್ರು. ದೇಶಕ್ಕೆ ಬರೋದೂ ಜನಕ್ಕೆ ಬರೋದೂ ಬೇರೆ ಬೇರೆ, ಸರ್ಕಾರಗಳು ಇವೆರಡನ್ನ ಬಹಳ ಸುಲಭವಾಗಿ ಒಂದು ಮಾಡಿಬಿಡ್ತವೆ.

ಹಕ್ಕು ಅಂದ್ರೆ ವಾಪಸ್ ತರೋದು ಮಾತ್ರ ಅಂತಲೂ ಅಂದುಕೋಬಾರದು. ಕೆಲವು ಸಮುದಾಯಗಳು ಸದ್ಯಕ್ಕೆ ನಿಮ್ಮ ಹತ್ರಾನೇ ಇರಲಿ, ಆದ್ರೆ ಪ್ರದರ್ಶನಕ್ಕೆ ಇಡಬೇಡಿ, ಫೋಟೋ ತೆಗೀಬೇಡಿ, ನಾವು ಬಂದು ನೋಡಿಕೊಳ್ತೀವಿ ಅಂತಾರೆ. ಅದೂ ಅವರ ತೀರ್ಮಾನವೇ. ಹಾಡು, ಫೋಟೋಗಳಲ್ಲಂತೂ ವಾಪಸ್ ಅನ್ನೋದೇ ಬೇರೆ ತರ. ಅಮೆರಿಕದ ಮೇನ್ ರಾಜ್ಯದ ಪಾಸಮಕ್ವಾಡಿ ಜನರ ಹಾಡು, ಕಥೆಗಳನ್ನ 1890ರಲ್ಲಿ ಮೇಣದ ಸಿಲಿಂಡರುಗಳಲ್ಲಿ ರೆಕಾರ್ಡ್ ಮಾಡಿದ್ರು, ಅವು ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಇವೆ. ಈಗ ಯಾವುದನ್ನ ಎಲ್ಲರೂ ಕೇಳಬಹುದು, ಯಾವುದನ್ನ ಸಮುದಾಯದ ಒಳಗೇ ಇಟ್ಕೋಬೇಕು ಅಂತ ಪಾಸಮಕ್ವಾಡಿಗಳೇ ಹೇಳ್ತಾರೆ, ಅವರು ಕೊಟ್ಟ ಲೇಬಲ್‌ಗಳು ಲೈಬ್ರರಿಯ ಕ್ಯಾಟಲಾಗಿನಲ್ಲೇ ಕಾಣ್ತವೆ.

ಇದರ ಒಂದು ತುದಿ ಭಾರತದಲ್ಲೂ ಇದೆ. ಆಕ್ಸ್‌ಫರ್ಡ್‌ನ ಪಿಟ್ ರಿವರ್ಸ್ ಮ್ಯೂಸಿಯಮ್ಮಲ್ಲಿ ವಸಾಹತು ಕಾಲದ ಅಧಿಕಾರಿಗಳು ಒಯ್ದ ಸಾವಿರಾರು ನಾಗಾ ವಸ್ತುಗಳಿವೆ, ಜೊತೆಗೆ ನಾಗಾ ಹಿರಿಯರ ಅವಶೇಷಗಳೂ ಇವೆ. 2020ರಲ್ಲಿ ಮ್ಯೂಸಿಯಂ ಮಾನವ ಅವಶೇಷಗಳನ್ನ ಪ್ರದರ್ಶನದಿಂದ ತೆಗೆದ ಮೇಲೆ ಫೋರಂ ಫಾರ್ ನಾಗಾ ರಿಕನ್ಸಿಲಿಯೇಷನ್ ಅನ್ನೋ ನಾಗಾ ಸಂಘಟನೆ ಮಾತುಕತೆ ಶುರು ಮಾಡಿತು. 2024ರ ಅಕ್ಟೋಬರ್‌ನಲ್ಲಿ ಇಂಗ್ಲೆಂಡಿನ ಒಂದು ಹರಾಜಿನಲ್ಲಿ ನಾಗಾ ತಲೆಬುರುಡೆ ಒಂದನ್ನ ಮಾರಾಟಕ್ಕೆ ಇಟ್ಟಿದ್ದು ಗೊತ್ತಾಗಿ ನಾಗಾಲ್ಯಾಂಡ್ ಮುಖ್ಯಮಂತ್ರಿ ತನಕ ಪ್ರತಿಭಟನೆ ಬಂದು ಹಿಂತೆಗೆದುಕೊಂಡ್ರು. 2025ರ ಜೂನ್‌ನಲ್ಲಿ ನಾಗಾ ಪ್ರತಿನಿಧಿಗಳು ಆಕ್ಸ್‌ಫರ್ಡ್‌ಗೆ ಹೋಗಿ ಹಿರಿಯರ ಅವಶೇಷಗಳನ್ನ ಕಣ್ಣಾರೆ ನೋಡಿದ್ರು. ಆದ್ರೆ ಮನೆಗೆ ತಂದ ಮೇಲೆ ಏನು ಮಾಡೋದು ಅನ್ನೋದು ಅವರ ಮುಂದಿರೋ ದೊಡ್ಡ ಪ್ರಶ್ನೆ. ಅವಶೇಷಗಳು ಬೇರೆ ಬೇರೆ ನಾಗಾ ಜನಾಂಗಗಳದ್ದು, ಈಗ ಬಹುತೇಕ ನಾಗಾಗಳು ಕ್ರೈಸ್ತರು, ನೂರು ವರ್ಷ ಹೊರಗಿದ್ದು ಬಂದ ಹಿರಿಯರನ್ನ ಬರಮಾಡಿಕೊಳ್ಳೋ ಸಿದ್ಧ ವಿಧಿ ಹಳೇ ಸಂಪ್ರದಾಯದಲ್ಲೂ ಇಲ್ಲ, ಚರ್ಚಿನಲ್ಲೂ ಇಲ್ಲ. ಹಳ್ಳಿಗಳಲ್ಲಿ ಹಿರಿಯರು, ಯುವಕರು, ಚರ್ಚಿನವರು ಒಟ್ಟಿಗೆ ಕೂತು ಇದನ್ನ ಚರ್ಚೆ ಮಾಡ್ತಿದ್ದಾರೆ, ಆ ಚರ್ಚೆ ಎಷ್ಟು ವರ್ಷ ಬೇಕಾದ್ರೂ ತಗೊಳ್ಳಲಿ, ಅಲ್ಲಿ ಏನು ತೀರ್ಮಾನ ಆಗುತ್ತೋ ಅದರ ಪ್ರಕಾರವೇ ಆಕ್ಸ್‌ಫರ್ಡ್ ನಡ್ಕೋಬೇಕು.